ಹೋತ ಯಾವಾಗಲೂ ಹಿಂಡಿನಲ್ಲಿರುವುದು ಬೇಡ

ಮಾನ್ಯ ಸಂಪಾದಕರೇ,

ಕೊಡಗಿನ ಜಡಿಮಳೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಹುಟ್ಟುವ ಮೇಕೆಮರಿಗಳು ಥಂಡಿ, ನ್ಯುಮೋನಿಯಾಕ್ಕೆ ಬಲಿಯಾಗುವುದನ್ನು ನಾವು ಹಣೆಬರಹವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಮೇಕೆಯ ಗಬ್ಬ ಸುಮಾರು 150 ದಿನಗಳದ್ದು. ಆದ್ದರಿಂದ ಈ ಮರಿಗಳೆಲ್ಲ ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಹೋತದ ಕಡೆ ಯಾರ ಗಮನವೂ ಇಲ್ಲದಾಗ, ಕಟ್ಟಿದ ಗಬ್ಬದವು.

ಹೋತವನ್ನು ಆ ಮೂರು ತಿಂಗಳು ಹಿಂಡಿನಿಂದ ಬೇರೆ ಇಟ್ಟರೆ ಜಡಿಮಳೆಯಲ್ಲಿ ಮರಿ ಹುಟ್ಟುವುದು ತಪ್ಪುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ, ಅದು ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಬೆದೆಗೆ ಬಾರದೆ ನಿಂತಿರುವ ಹೆಣ್ಣುಮೇಕೆಗಳ ನಡುವೆ ಚುರುಕಾದ ಹೋತವನ್ನು ಹಠಾತ್ತನೆ ಬಿಟ್ಟರೆ, ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು ಅವುಗಳ ರಕ್ತದಲ್ಲಿ ನಿಮಿಷಗಳಲ್ಲೇ ಏರತೊಡಗಿ, ಬಹುತೇಕ ಎರಡು ಮೂರು ದಿನಗಳೊಳಗೆ ಅಂಡ ಬಿಡುಗಡೆಯಾಗುತ್ತದೆ. ಹೋತದ ವಾಸನೆಗೆ ಇದರಲ್ಲಿ ದೊಡ್ಡ ಪಾತ್ರವಿದ್ದು, ಅದರಲ್ಲಿನ 4-ಈಥೈಲ್‌ಆಕ್ಟನಾಲ್ ಎಂಬ ವಸ್ತು ಹೆಣ್ಣಿನ ಮೆದುಳನ್ನು ಎಚ್ಚರಿಸುತ್ತದೆಂದು 2014ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಆದರೆ ವಾಸನೆಯೊಂದೇ ಸಾಲದು. ಹೋತ ಕೂಗಬೇಕು, ಹೆಣ್ಣುಗಳನ್ನು ಮೂಸುತ್ತ ಬೆನ್ನಟ್ಟಬೇಕು. ಬೆದೆಗೆ ಬಂದ ಮೇಕೆಗಳೂ ಹಿಂಡಿನ ಉಳಿದವನ್ನು ಪ್ರಚೋದಿಸಬಲ್ಲವು.

ಈ ಮೊದಲ ಬೆದೆಯಲ್ಲೇ ಗಬ್ಬ ನಿಲ್ಲುತ್ತದೆಂದು ಆತುರಪಡಬಾರದು. ಅನೇಕ ಮೇಕೆಗಳಲ್ಲಿ ಅದು ದುರ್ಬಲವಾಗಿದ್ದು, ಐದಾರು ದಿನಗಳ ಬಳಿಕ ಮತ್ತೆ ಬೆದೆ ಬರುತ್ತದೆ; ಆಮೇಲಷ್ಟೇ 21 ದಿನಗಳ ಕ್ರಮ ಹಿಡಿಯುತ್ತದೆ. ಹಾಗಾಗಿ ಹೋತ ಒಂದೂವರೆ ತಿಂಗಳಾದರೂ ಹಿಂಡಿನಲ್ಲಿರಬೇಕು. ಮೇವಿಲ್ಲದೆ ಸೊರಗಿದ ಮೇಕೆಗಳಿಂದ ಇದೊಂದನ್ನೂ ನಿರೀಕ್ಷಿಸುವಂತಿಲ್ಲ. ಮೊದಲೇ ಕ್ರಮವಾಗಿ ಬೆದೆಗೆ ಬರುತ್ತಿರುವ ಮೇಕೆಗಳಿಗೆ ಈ ಪ್ರಚೋದನೆಯ ಅಗತ್ಯವೇ ಇಲ್ಲ, ಅವುಗಳ ಮಟ್ಟಿಗೆ ಹೋತವನ್ನು ತಡೆದಿರಿಸುವುದಷ್ಟೇ ಮುಖ್ಯ.

ಮುಂಗಾರಿಗೆ ಮುನ್ನ ಬೀಳುವ ಮಳೆಗೆ ಹುಲ್ಲು ಚಿಗುರಿದ ಮೇಲೆ, ಮೇ ತಿಂಗಳಲ್ಲಿ ಹೋತವನ್ನು ಬಿಟ್ಟರೆ ಮರಿಗಳು ಅಕ್ಟೋಬರ್‌ನಲ್ಲಿ, ಮಳೆ ಇಳಿಮುಖವಾಗುವ ಹೊತ್ತಿಗೆ ಹುಟ್ಟುತ್ತವೆ. ಹೆಣ್ಣುಗಳಿಗೆ ಪರಿಚಯವಿಲ್ಲದ ಹೋತದ ಪ್ರಭಾವ ಹೆಚ್ಚು. ಆದ್ದರಿಂದ ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದ ಕಡೆಯ ಸಣ್ಣ ಸಾಕಣೆದಾರರು ನೆರೆಯೂರಿನವರೊಂದಿಗೆ ಹೋತಗಳನ್ನು ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯದು; ತಂದೆಯಿಂದಲೇ ಮಗಳು ಗಬ್ಬವಾಗುವ ದೋಷವೂ ಇದರಿಂದ ತಪ್ಪುತ್ತದೆ. ಗಬ್ಬ ಕಳಚುವ ಸೋಂಕಾದ ಬ್ರುಸೆಲ್ಲಾದ ಪರೀಕ್ಷೆಯಾಗದ ಹೋತವನ್ನು ಮಾತ್ರ ಯಾರೂ ಹಿಂಡಿಗೆ ಸೇರಿಸಬಾರದು.

ಪಶುಪಾಲನಾ ಇಲಾಖೆಯು ಡಿಸೆಂಬರ್ ಮುಗಿಯುವುದರೊಳಗೆ ಹೋಬಳಿ ಮಟ್ಟದಲ್ಲಿ ಈ ಕುರಿತು ಶಿಬಿರಗಳನ್ನು ನಡೆಸಿ, ಹೋತಗಳ ರಕ್ತಪರೀಕ್ಷೆಯನ್ನು ಅಲ್ಲಿಯೇ ಮಾಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಮೇಕೆ ಸಾಕಣೆದಾರ,
ಸೋಮವಾರಪೇಟೆ ತಾಲ್ಲೂಕು, ಕೊಡಗು