ಆಪರೇಶನ್ ಆದ ಮೇಲೂ ಮುಟ್ಟು ತಪ್ಪಿದರೆ: ಮಗಳಿಗೊಂದು ಪತ್ರ

ಪುಟ್ಟಿ,

ಎರಡನೇ ಹೆರಿಗೆಯ ಬೆನ್ನಿಗೇ ಮುಂದೆ ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಳ್ಳುವುದೆಂದು ನೀನೂ ಅಳಿಯಂದಿರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದೀರಿ. ನಾನು ಬೇಡ ಅನ್ನುವುದಿಲ್ಲ. ಸಬ್‌ಸೆಂಟರಿನಲ್ಲಿ ಸಿಸ್ಟರ್ ಆಗಿದ್ದಷ್ಟು ಕಾಲ ಎಷ್ಟೋ ಹೆಣ್ಣುಮಕ್ಕಳನ್ನು ನಾನೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಈ ಆಪರೇಶನ್ ಮಾಡಿಸಿದ್ದೇನೆ. ಗಂಡಸರ ಆಪರೇಶನ್ ಇದಕ್ಕಿಂತ ಸುಲಭ, ಹೊಟ್ಟೆ ಕೊಯ್ಯುವ ಕೆಲಸವೇ ಇಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡು: ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿ ತಾವೇ ಮಾಡಿಸಿಕೊಂಡಿದ್ದಾರೆ, ಗಂಡನಿಗೆ ಆಗಿರುವುದು ನೂರಕ್ಕೆ 0.3. ಇದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಇರಲಿ, ತೀರ್ಮಾನ ನಿಮ್ಮದು.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ‘ಆಪರೇಶನ್ ಆಗಿದೆ, ಇನ್ನು ಬಸಿರಿನ ಮಾತೇ ಇಲ್ಲ’ ಅನ್ನುವ ನಂಬಿಕೆ ನಿನ್ನ ತಲೆಯಲ್ಲಿ ಕೂರಬಾರದು.

ಹೆರಿಗೆಯಾದ ಮೇಲೆ ಮಾಡುವ ಆಪರೇಶನ್ನಿನಲ್ಲಿ ಎರಡೂ ಕಡೆಯ ಗರ್ಭನಾಳದ ಒಂದಿಷ್ಟು ಭಾಗವನ್ನು ಕಟ್ಟಿ ಕತ್ತರಿಸಿ ತೆಗೆಯುತ್ತಾರೆ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕೊಳವೆ ಇಳಿಸುವ ಲ್ಯಾಪ್ರೋಸ್ಕೋಪಿನಲ್ಲಾದರೆ ಸಾಮಾನ್ಯವಾಗಿ ನಾಳಕ್ಕೆ ರಿಂಗ್ ಹಾಕುತ್ತಾರೆ. ಒಳ್ಳೆಯ ಡಾಕ್ಟರು ನೆಟ್ಟಗೆ ಮಾಡಿದ್ದರೂ ಕೆಲವರಲ್ಲಿ ಕತ್ತರಿಸಿದ ತುದಿಗಳು ಮತ್ತೆ ಕೂಡಿಕೊಳ್ಳುತ್ತವೆ, ಇಲ್ಲವೇ ತುದಿಯಲ್ಲಿ ಸಣ್ಣ ರಂಧ್ರವೊಂದು ಬಿಟ್ಟುಕೊಳ್ಳುತ್ತದೆ. ವೀರ್ಯಾಣು ತೀರಾ ಸಣ್ಣದು, ಆ ಕಿಂಡಿಯಲ್ಲಿ ನುಸುಳುತ್ತದೆ. ಆದರೆ ಅಂಡದೊಡನೆ ಸೇರಿ ಭ್ರೂಣ ಕಟ್ಟಿದ ಮೇಲೆ ಕೆಲವು ಸಲ ಅದು ಅದೇ ದಾರಿಯಲ್ಲಿ ಗರ್ಭಕೋಶಕ್ಕೆ ಇಳಿಯಲಾರದು. ಸಿಕ್ಕಿಕೊಂಡಲ್ಲೇ ಬೇರು ಬಿಡುತ್ತದೆ. ಗರ್ಭಕೋಶವಾದರೆ ಮಗುವಿನ ಜತೆ ಹಿಗ್ಗುತ್ತದೆ, ನಾಳ ಹಾಗೆ ಹಿಗ್ಗುವುದಿಲ್ಲ. ಕೆಲವೇ ವಾರಗಳಲ್ಲಿ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಬಹುದು. ಡಾಕ್ಟರರು ಎಕ್ಟೋಪಿಕ್ ಅನ್ನುವುದು ಇದನ್ನೇ, ನಮ್ಮ ಕಡೆ ಟ್ಯೂಬಿನಲ್ಲಿ ಬಸಿರು ಅನ್ನುತ್ತಾರೆ.

ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಆಪರೇಶನ್ ಆದ ಮೇಲೆ ವರ್ಷಗಟ್ಟಲೆ ಗಮನಿಸಿ 1996–97ರಲ್ಲಿ ಲೆಕ್ಕ ಪ್ರಕಟಿಸಿದರು. ಎಲ್ಲ ಬಗೆಯ ಆಪರೇಶನ್ ಸೇರಿಸಿದರೆ ಹತ್ತು ವರ್ಷದಲ್ಲಿ ಸಾವಿರಕ್ಕೆ ಸುಮಾರು 18 ಮಂದಿ ಬಸಿರಾಗಿದ್ದರು. ಹೆರಿಗೆಯ ಬೆನ್ನಿಗೇ ನಾಳ ಕತ್ತರಿಸಿಕೊಂಡವರಲ್ಲಿ ಏಳೆಂಟು ಮಂದಿ ಮಾತ್ರ. ಸಣ್ಣ ಸಂಖ್ಯೆಯೇ, ನೀನು ಹೆದರಬೇಕಾಗಿಲ್ಲ. ಆಪರೇಶನ್ ಆದವಳಿಗೆ ಒಟ್ಟಾರೆ ಬಸಿರಿನ ಸಾಧ್ಯತೆಯೇ ಅತಿ ಕಡಿಮೆ. ಆದರೆ ಆ ಬಸಿರುಗಳಲ್ಲಿ ಮೂರಕ್ಕೊಂದು ಗರ್ಭಕೋಶದ ಹೊರಗಿತ್ತು. ಉಳಿದ ಹೆಂಗಸರ ಬಸಿರುಗಳಲ್ಲಿ ಇದು ನೂರಕ್ಕೆ ಒಂದೋ ಎರಡೋ. ಇನ್ನೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೋ: ವರ್ಷ ಕಳೆದಂತೆ ಈ ಅಪಾಯ ತಗ್ಗಲಿಲ್ಲ. ನಾಲ್ಕನೇ ವರ್ಷದಿಂದ ಹತ್ತನೇ ವರ್ಷದವರೆಗೂ ಮೊದಲಿನಷ್ಟೇ ಇತ್ತು.

ನನ್ನ ಕೈಗೆ ಬಂದ ಒಬ್ಬಳ ಕತೆ ಹೇಳುತ್ತೇನೆ. ಆಪರೇಶನ್ ಆಗಿ ಏಳೆಂಟು ವರ್ಷವಾಗಿತ್ತು. ಮುಟ್ಟು ತಡವಾಯಿತು, ಆಮೇಲೆ ಕಪ್ಪಾಗಿ ಸ್ವಲ್ಪ ಸ್ವಲ್ಪ ಕಾಣಿಸಿಕೊಂಡಿತು. ಮುಟ್ಟೇ ಏರುಪೇರಾಗಿದೆ, ಉಷ್ಣ ಅಂದರು ಮನೆಯವರು. ಕಿಬ್ಬೊಟ್ಟೆಯ ಒಂದು ಪಕ್ಕ ನೋವು ಅಂದಾಗ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿದರು. ಹೆಗಲ ತುದಿ ನೋಯುತ್ತದೆ ಅಂದಳು, ನೀರು ಹೊತ್ತದ್ದಕ್ಕೆ ಅಂದರು. ಹೊಟ್ಟೆಯಲ್ಲಿ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ತಾಗಿದಾಗ ನೋವು ಹೆಗಲಲ್ಲಿ ಕಾಣಿಸುತ್ತದೆ ಅನ್ನುವುದು ಆ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಬಚ್ಚಲಲ್ಲಿ ತಲೆ ತಿರುಗಿ ಬಿದ್ದ ಮೇಲೆ ನನಗೆ ಹೇಳಿಕಳಿಸಿದರು. ನಾಡಿ ಕೈಗೆ ಸಿಗುತ್ತಿರಲಿಲ್ಲ. 108ರಲ್ಲಿ ಜಿಲ್ಲಾಸ್ಪತ್ರೆಗೆ ಒಯ್ದೆವು. ರಕ್ತ ಕೊಟ್ಟು, ಹೊಟ್ಟೆ ತೆರೆದು, ಒಡೆದ ನಾಳ ತೆಗೆದರು. ಬದುಕಿಕೊಂಡಳು.

ಅಲ್ಲಿಗೆ ಮುಗಿಯಲಿಲ್ಲ. ‘ಆಪರೇಶನ್ ಆದವಳು ಬಸಿರಾಗುವುದು ಹೇಗೆ?’ ಅಂತ ಅತ್ತೆ ವಾರ್ಡಿನಲ್ಲೇ ಪಿಸುಗುಟ್ಟಿದರು. ಗಂಡ ಮುಖ ತಿರುಗಿಸಿಕೊಂಡು ಕೂತ. ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ಬಿಡಿಸಿ ಹೇಳಿದ ಮೇಲೆ ಅವನು ಹೆಂಡತಿಯ ಹತ್ತಿರ ಬಂದ. ಸಾವಿನ ಬಾಯಿಂದ ಬಂದವಳು ಶೀಲದ ಲೆಕ್ಕವನ್ನೂ ಒಪ್ಪಿಸಬೇಕಾಯಿತಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈ ಅಂಜಿಕೆಗೇ ಎಷ್ಟೋ ಹೆಂಗಸರು ಮುಟ್ಟು ತಪ್ಪಿದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನೀನು ಹಾಗೆ ಮಾಡಬೇಡ. ಮುಟ್ಟು ವಾರ ತಡವಾಯಿತೇ, ಮೂತ್ರದ ಕಾರ್ಡ್ ಟೆಸ್ಟ್ ಮಾಡು. ಅಂಗಡಿಯಲ್ಲಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ‘ನಿಶ್ಚಯ್’ ಕಿಟ್ ಇರುತ್ತದೆ. ಎರಡು ಗೆರೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಮೊದಲು ‘ನನಗೆ ಆಪರೇಶನ್ ಆಗಿದೆ’ ಅಂತ ಹೇಳು. ಅಷ್ಟು ಹೇಳಿದರೆ ಸಾಕು, ಅವರ ಯೋಚನೆ ನಾಳದ ಕಡೆಗೆ ಹೋಗುತ್ತದೆ. ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಏನೂ ಕಾಣದಿದ್ದರೆ 48 ಗಂಟೆ ಬಿಟ್ಟು ರಕ್ತದಲ್ಲಿ ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನ್ ಎಷ್ಟು ಏರಿದೆ ಅಂತ ಮತ್ತೆ ನೋಡುತ್ತಾರೆ. ನೋವು, ತಲೆಸುತ್ತು ಇದ್ದರೆ ಕಾರ್ಡು ಗೀರ್ಡು ಅಂತ ಕಾಯಲೇಬೇಡ, ರಾತ್ರಿಯಾದರೂ ಹೊರಡು.

ಮೆಡಿಕಲ್ ಸ್ಟೋರಿನಿಂದ ಗರ್ಭ ತೆಗೆಸುವ ಮಾತ್ರೆ ತರಿಸಿ ನುಂಗುವುದಂತೂ ಬೇಡವೇ ಬೇಡ. ನಾಳದಲ್ಲಿರುವ ಬಸಿರು ಆ ಮಾತ್ರೆಗೆ ಹೋಗುವುದಿಲ್ಲ. ಮಾತ್ರೆಯಿಂದ ರಕ್ತ ಹೋಗಿದ್ದನ್ನು ಕಂಡು ಎಲ್ಲ ಆಯಿತು ಅಂದುಕೊಂಡಿರುವಾಗ ಒಳಗೆ ನಾಳ ಒಡೆದಿರಬಹುದು.

ಬೇಗ ಗೊತ್ತಾದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನಿನಲ್ಲೇ ವಾಸಿಯಾಗುತ್ತದೆ, ಕೆಲವರಿಗೆ ಲ್ಯಾಪ್ರೋಸ್ಕೋಪಿ ಬೇಕಾಗುತ್ತದೆ. ಆ ಬಸಿರನ್ನು ಗರ್ಭಕೋಶಕ್ಕೆ ತಂದು ಕೂರಿಸಲು ಬರುವುದಿಲ್ಲವೇ ಅಂತ ಎಷ್ಟೋ ತಾಯಂದಿರು ಕೇಳಿದ್ದಾರೆ. ಬರುವುದಿಲ್ಲ ಮಗಳೇ. ಬಸಿರು ಗರ್ಭಕೋಶದಲ್ಲೇ ಇದ್ದರೆ ಇಟ್ಟುಕೊಳ್ಳುವುದೋ ಬೇಡವೋ ನಿನಗೆ ಬಿಟ್ಟದ್ದು. ಕುಟುಂಬ ಯೋಜನೆಯ ವಿಧಾನ ವಿಫಲವಾದರೆ 20 ವಾರದವರೆಗೆ ಕಾನೂನು ಪ್ರಕಾರ ಗರ್ಭಪಾತ ಮಾಡಿಸಿಕೊಳ್ಳಬಹುದು. ಅದಕ್ಕೆ ನಿನ್ನ ಒಪ್ಪಿಗೆ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.

ಆಪರೇಶನ್ನಿಗೆ ಮುಂಚೆ ಕೊಡುವ ಒಪ್ಪಿಗೆ ಪತ್ರವನ್ನು ಪೂರ್ತಿ ಓದದೆ ಸಹಿ ಹಾಕಬೇಡ. ವಿಫಲವಾಗಬಹುದು ಅನ್ನುವುದು ಅದರಲ್ಲೇ ಇರುತ್ತದೆ. ಆಮೇಲೆ ಕೊಡುವ ಸರ್ಟಿಫಿಕೇಟನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಜೋಪಾನ ಮಾಡು, ಸರ್ಕಾರಿ ಯೋಜನೆಯಲ್ಲಿ ಪರಿಹಾರ ಕೇಳಬೇಕಾಗಿ ಬಂದರೆ ಬೇಕಾಗುತ್ತವೆ. ಈ ಕಾಗದವನ್ನು ಅಳಿಯಂದಿರಿಗೂ ಓದಲು ಕೊಡು, ನಿನ್ನ ಅತ್ತೆಯವರಿಗೆ ನೀನೇ ಕೂತು ಓದಿ ಹೇಳು. ನಾನು ಹೆರಿಗೆಗೆ ಹದಿನೈದು ದಿನ ಮೊದಲೇ ಬರುತ್ತೇನೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡ.

ನಿನ್ನ ಅಮ್ಮ