ತಮಾ, ಮೊದಲು ಕೆಲಸಕ್ಕೆ ಕರೆ

ಅಂಕೋಲಾ

ಪ್ರೀತಿಯ ತಮಾ,

ಆಶೀರ್ವಾದಗಳು. ಕಾರವಾರದ ರೋಟರಿ ಕ್ಲಬ್ಬಿನ ಅಧ್ಯಕ್ಷನಾಗಿ ನಿನ್ನ ಪದಗ್ರಹಣದ ಫೋಟೋ ನಿನ್ನ ಆಯಿ ಕಳಿಸಿದಳು. ಕೊರಳಲ್ಲಿ ಅಧ್ಯಕ್ಷರ ಸರ ಹಾಕಿಕೊಂಡು ನಿಂತಿದ್ದೀಯ. ನೋಡಿ ನಿನ್ನ ಅತ್ತೆಗೂ ನನಗೂ ತುಂಬಾ ಖುಷಿಯಾಯಿತು. ಆದರೆ ಮರುದಿನ ಫೋನಿನಲ್ಲಿ ನೀನು ಆಡಿದ್ದೆಲ್ಲ ಒಂದೇ ಮಾತು. ಈ ವರ್ಷ ಇಪ್ಪತ್ತು ಜನ ಹೊಸ ಸದಸ್ಯರಾಗಬೇಕು, ರೋಟರಿಯ ಜಿಲ್ಲಾ ಗವರ್ನರ್ ಭೇಟಿಗೆ ಮೊದಲು ಹತ್ತಾದರೂ ಆಗಲೇಬೇಕು, ಮಾವ ನಿಮ್ಮ ಪರಿಚಯದವರು ಯಾರಾದರೂ ಕಾರವಾರದಲ್ಲಿದ್ದರೆ ಹೇಳಿ ಅಂತ. ಆಗ ನಾನು ಹೂಂ ಅಂದು ಫೋನ್ ಇಟ್ಟೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ ತಿರುಗಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಆ ತಪ್ಪು ಮಾಡಿದವನು. ಬೇರೆ ಊರಲ್ಲಿ ನೌಕರಿಯಲ್ಲಿದ್ದಾಗ ಅಲ್ಲಿಯ ಒಂದು ಕ್ಲಬ್ಬಿಗೆ ಅಧ್ಯಕ್ಷನಾಗಿದ್ದೆ. ಸಂಖ್ಯೆ ತೋರಿಸುವ ಹಟಕ್ಕೆ ಒಂದೇ ತಿಂಗಳಲ್ಲಿ ಹದಿನಾಲ್ಕು ಜನರನ್ನು ಸೇರಿಸಿದೆ. ಅದರಲ್ಲಿ ಐದು ಜನರ ಶುಲ್ಕ ನನ್ನ ಕಿಸೆಯಿಂದಲೇ ಹೋಯಿತು. ಪಿನ್ ಚುಚ್ಚಿ, ಶಾಲು ಹೊದೆಸಿ, ಚಪ್ಪಾಳೆ ತಟ್ಟಿ ಕೂರಿಸಿದೆವು. ಆಮೇಲೆ ಅವರಿಗೆ ಏನು ಕೆಲಸ ಕೊಡಬೇಕು ಅಂತ ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ. ಮುಂದಿನ ಜೂನಿಗೆ ಉಳಿದವರು ಮೂರೇ ಜನ. ಪಟ್ಟಿಯಲ್ಲಿ ಮಾತ್ರ ಹೆಸರು ಹಾಗೇ ಇದ್ದವು. ನಿನಗೂ ಗೊತ್ತಿರಬೇಕು, ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟು ಹೆಸರಿಗೂ ಕ್ಲಬ್ ರೋಟರಿಯ ಮೇಲಿನ ಸಂಸ್ಥೆಗೆ ಹಣ ಕಟ್ಟಬೇಕು. ನನ್ನ ನಂತರ ಅಧ್ಯಕ್ಷನಾದವನು ಪಾಪ ಅರ್ಧ ವರ್ಷ ಆ ಬಾಕಿ ತೀರಿಸುವುದರಲ್ಲೇ ಕಳೆದ. ಅವನ ಮುಖ ಇವತ್ತಿಗೂ ನೆನಪಿದೆ. ಹಾಗಾಗಿ ಒಂದು ಮಾತು ಕೊಡು. ಯಾರ ಶುಲ್ಕವನ್ನೂ ನೀನು ಕಟ್ಟಬೇಡ. ಕೆಲಸ ಮಾಡುವ ಮನಸ್ಸಿದ್ದೂ ಕೈಯಲ್ಲಿ ದುಡ್ಡಿಲ್ಲದವರು ಇರುತ್ತಾರೆ, ಅದು ಬೇರೆ ವಿಷಯ. ಅಂಥವರಿಗೆ ಕಂತು ಮಾಡಿಕೊಡಿ, ಸಭೆಯ ಊಟದ ಖರ್ಚು ಕಡಿಮೆ ಮಾಡಿ.

ನನ್ನ ಕಣ್ಣು ತೆರೆಸಿದ್ದು 2019ರ ಆಗಸ್ಟಿನ ನೆರೆ. ಗಂಗಾವಳಿ ಉಕ್ಕಿ ಬಂತಲ್ಲ, ನೀನಾಗ ಬೆಂಗಳೂರಿನಲ್ಲಿದ್ದೆ. ನೀರು ಇಳಿದ ಮೇಲೆ ಮನೆಮನೆಯಲ್ಲೂ ಮೊಣಕಾಲುದ್ದ ರಾಡಿ. ಹಾಸಿಗೆ, ಭತ್ತ, ಮಕ್ಕಳ ಪುಸ್ತಕ ಎಲ್ಲ ಅದರೊಳಗೆ. ನಾವು ಕ್ಲಬ್ಬಿನವರು ಆರು ಜನ ಹಾರೆ, ಬುಟ್ಟಿ, ಬ್ಲೀಚಿಂಗ್ ಪುಡಿ ಹಿಡಿದು ಹೋದೆವು. ಆರು ಜನರಿಂದ ಏನಾಗುತ್ತದೆ? ದಾರಿಯಲ್ಲಿ ಒಬ್ಬ ರಿಕ್ಷಾ ಓಡಿಸುವ ಹುಡುಗ ಕೇಳಿದ, ನಾನೂ ಬರಲಾ ಅಂತ. ಬಂದ. ಮರುದಿನ ಅವನ ಜೊತೆ ಮತ್ತೆ ನಾಲ್ವರು. ನಾಲ್ಕು ದಿನ ಆ ಹುಡುಗರು ರಾಡಿ ಎತ್ತಿದರು, ಬಾವಿ ತೊಳೆದರು, ಒಬ್ಬ ಅಜ್ಜಿಯ ಮನೆಯ ಒಲೆಯನ್ನು ಹೊಸದಾಗಿ ಕಟ್ಟಿಕೊಟ್ಟರು. ಕ್ಲಬ್ಬಿಗೆ ಸೇರಿ ಅಂತ ನಾವು ಅವರಿಗೆ ಹೇಳಲೇ ಇಲ್ಲ. ಎರಡು ತಿಂಗಳಾದ ಮೇಲೆ ಆ ರಿಕ್ಷಾದ ಹುಡುಗನೇ ಕೇಳಿದ, "ಸರ್, ನಿಮ್ಮಲ್ಲಿ ನಮ್ಮಂಥವರನ್ನು ತಗೋತಾರಾ?" ಆ ಪ್ರಶ್ನೆ ಕೇಳಿ ನನಗೆ ಬಹಳ ನೋವಾಯಿತು ತಮಾ. ಇಷ್ಟು ವರ್ಷ ಊರಿನ ಎದುರು ನಾವು ಹೇಗೆ ಕಾಣಿಸಿಕೊಂಡಿದ್ದೆವು ಅಂತ ಆವತ್ತು ಗೊತ್ತಾಯಿತು. ಈಗ ಅವನೇ ಖಜಾಂಚಿ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಇಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಕೆಲಸಕ್ಕೆ ಕರೆ. ಎರಡು ಮೂರು ಸಲ ಬಂದವರನ್ನು ಮಾತ್ರ ಆಮೇಲೆ ಸದಸ್ಯತ್ವಕ್ಕೆ ಕೇಳು. ಇಪ್ಪತ್ತಾಗದಿದ್ದರೆ ಆಗದಿರಲಿ. ಏಳು ಜನ ಹೀಗೆ ಬಂದರೆ ಏಳೂ ಉಳಿಯುತ್ತಾರೆ.

ಇನ್ನು ಯಾರನ್ನು ಕರೆಯಬೇಕು? 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ರೋಟರಿ ಶುರು ಮಾಡಿದಾಗ ಕೂತವರು ನಾಲ್ಕೇ ಜನ. ಅವನು ವಕೀಲ, ಇನ್ನೊಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಟೇಲರ್. ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯ ಮೇಲೆ, ಇಂಗ್ಲಿಷಿನಲ್ಲಿ ರೊಟೇಶನ್ ಅಂತಾರಲ್ಲ ಹಾಗೆ, ಸೇರುತ್ತಿದ್ದರು, ಹೆಸರೂ ಅದರಿಂದಲೇ ಬಂತು. ಬೇರೆಬೇರೆ ಕಸುಬಿನವರು ಒಂದು ಕಡೆ ಕೂರಬೇಕು ಅನ್ನುವುದೇ ಮೂಲ ವಿಚಾರ. ಈಗ ನಿಮ್ಮ ಪಟ್ಟಿ ತೆಗೆದು ನೋಡು. ಡಾಕ್ಟರು, ವಕೀಲರು, ಗುತ್ತಿಗೆದಾರರು, ಬ್ಯಾಂಕಿನವರು. ಬೈತಖೋಲ್ ಬಂದರಿನಿಂದ ಎಷ್ಟು ಜನ ಇದ್ದಾರೆ? ಬೋಟ್ ಇಂಜಿನ್ ರಿಪೇರಿ ಮಾಡುವವನು, ಐಸ್ ಪ್ಲಾಂಟ್ ನಡೆಸುವವನು, ಮೀನು ಮಾರುವ ಹೆಂಗಸು, ಯಾರಾದರೂ ಇದ್ದಾರಾ? ಕಾರವಾರದ ಅರ್ಧ ಬದುಕು ಸಮುದ್ರದ್ದು, ಆ ಬದುಕಿನವರೇ ಇಲ್ಲದ ಕ್ಲಬ್ ಕಾರವಾರದ್ದು ಹೇಗಾದೀತು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟಿನವರು ಈಗ ಊರಲ್ಲೇ ಬಲೆ ಸರಿಮಾಡುತ್ತಾ ಕೂತಿರುತ್ತಾರೆ. ನಿನ್ನ ವರ್ಷ ಶುರುವಾಗಿದ್ದೂ ಜುಲೈಗೇ. ಇವತ್ತೇ ಹೋಗಿ ಮಾತಾಡಿಸು. ಆಗಸ್ಟ್ ಬಂದರೆ ಯಾರೂ ಸಿಗುವುದಿಲ್ಲ. ಸಭೆಯನ್ನೂ ಸುಮ್ನೆ ಪ್ರತಿ ಸಲ ಹೋಟೆಲಿನಲ್ಲಿ ಇಡಬೇಡ. ಒಂದು ಸಲ ಬಂದರಿನ ಹತ್ತಿರ ಇಡು, ಒಂದು ಸಲ ಶಾಲೆಯಲ್ಲಿ ಇಡು. ಚಹಾ, ಅವಲಕ್ಕಿ ಸಾಕು.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. 1989ರವರೆಗೆ ರೋಟರಿಯ ನಿಯಮದಲ್ಲೇ ಅವರಿಗೆ ಜಾಗ ಇರಲಿಲ್ಲ. ನಿಯಮ ಬದಲಾಗಿ ಮೂವತ್ತು ವರ್ಷದ ಮೇಲಾಯಿತು. ಆದರೂ ನಮ್ಮ ಕಡೆ ಪ್ರಾರ್ಥನೆ ಹಾಡಲು, ಆರತಿ ತಟ್ಟೆ ಹಿಡಿಯಲು ಮಾತ್ರ ಅವರನ್ನು ಕರೆಯುವುದು ಜಾಸ್ತಿ. ನಿನ್ನ ಅತ್ತೆ ಪಲ್ಸ್ ಪೋಲಿಯೊ ಸಮಯದಲ್ಲಿ ಲಸಿಕೆಯ ಡಬ್ಬಿ ಹಿಡಿದ ನರ್ಸಮ್ಮನ ಜೊತೆ ದೋಣಿಯಲ್ಲಿ ಗಂಗಾವಳಿ ದಾಟಿ ಮನೆಮನೆ ತಿರುಗಿದವಳು. ಅವಳು ಹೋದ ಮನೆಯಲ್ಲಿ ಮಗುವಿಗೆ ಹನಿ ಬೇಡ ಅಂದವರು ಇಲ್ಲ. ನಾವು ಗಂಡಸರು ಹೋದರೆ ಅಂಗಳದಲ್ಲೇ ಮಾತು ಮುಗಿಯುತ್ತಿತ್ತು. ಪೋಲಿಯೊ ಕೆಲಸವನ್ನು ರೋಟರಿ ಕೈಗೆತ್ತಿಕೊಂಡಿದ್ದು 1985ರಲ್ಲಿ. ನಮ್ಮ ದೇಶದಲ್ಲಿ ಕೊನೆಯ ಕೇಸ್ ಕಂಡಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಪೋಲಿಯೊ ಇಲ್ಲ ಅನ್ನುವ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ಕ್ಕೆ. ಆ ಸುದ್ದಿ ಬಂದ ದಿನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಅತ್ತಳು. ಎಷ್ಟು ಅಧ್ಯಕ್ಷರು ಬಂದು ಹೋದರು ಆ ಕೆಲಸದ ನಡುವೆ, ಅಲ್ವಾ? ಯಾರೂ ಅದನ್ನು ತಮ್ಮ ಒಂದು ವರ್ಷಕ್ಕೆ ಮುಗಿಸಲಿಲ್ಲ. ನೀನೂ ಹೊಸ ಯೋಜನೆಗೆ ನಿನ್ನ ಹೆಸರಿನ ಬೋರ್ಡ್ ಹಾಕುವ ಮೊದಲು, ಹಿಂದಿನವರು ಶುರುಮಾಡಿದ್ದು ಏನು ನಿಂತಿದೆ ನೋಡು.

ಹಾಗಾದರೆ ಯಾವ ಯೋಜನೆ ಅಂತ ನೀನು ಕೇಳಬಹುದು. ನನ್ನ ಮನಸ್ಸಿನಲ್ಲಿ ಇರುವುದು ಇದು. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿ ಅಂತ ಓಡುತ್ತಾರೆ. ಅಲ್ಲಿಂದ ವಾಪಸ್ ಮನೆಗೆ ಕರೆತಂದ ಮೇಲಿನ ಕಷ್ಟ ಯಾರಿಗೂ ಕಾಣುವುದಿಲ್ಲ. ಲಕ್ವ ಹೊಡೆದ ಅಪ್ಪನನ್ನು ಚಾಪೆ ಮೇಲೆ ಮಲಗಿಸಿದರೆ ವಾರದಲ್ಲಿ ಬೆನ್ನು ಹುಣ್ಣಾಗುತ್ತದೆ. ತಲೆ ಎತ್ತಿಸುವ ಮಂಚ, ಗಾಳಿ ಹಾಸಿಗೆ, ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ, ಇವನ್ನು ಇಟ್ಟುಕೊಂಡು ಬೇಕಾದವರಿಗೆ ಎರಡು ಮೂರು ತಿಂಗಳಿಗೆ ಕೊಡುವ ಒಂದು ಕೋಣೆ ಮಾಡು. ಕೊಳ್ಳಲು ದುಡ್ಡು ಸಿಗುತ್ತದೆ, ಅದು ಕಷ್ಟವಲ್ಲ. ರಾತ್ರಿ ಎಂಟಕ್ಕೆ ಫೋನ್ ಬಂದರೆ ಬೀಗ ತೆಗೆಯುವವರು ಬೇಕು, ವಾಪಸ್ ಬಂದ ಮಂಚ ತೊಳೆದಿಡುವವರು ಬೇಕು, ಯಾರು ಯಾವಾಗ ಒಯ್ದರು ಅಂತ ಪುಸ್ತಕದಲ್ಲಿ ಬರೆಯುವವರು ಬೇಕು, ಟೆಂಪೋ ಇದ್ದವರು ಬೇಕು. ನೋಡು, ಅಲ್ಲೇ ಎಂಟು ಹತ್ತು ಜನ ಹೊಸಬರಿಗೆ ಕೆಲಸ ಸಿಕ್ಕಿತು.

ರಕ್ತದಾನ ಶಿಬಿರ ಬಿಡಬೇಡ, ಆದರೆ ಒಂದೇ ದಿನ ದೊಡ್ಡದಾಗಿ ಮಾಡುವ ಆಸೆ ಬಿಡು. ಕೆಂಪು ರಕ್ತಕಣವನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ವರ್ಷಕ್ಕೊಮ್ಮೆ ಇನ್ನೂರು ಜನ ಕೊಟ್ಟು ಉಳಿದ ತಿಂಗಳು ಯಾರೂ ಇಲ್ಲದಿದ್ದರೆ ಪ್ರಯೋಜನ ಕಡಿಮೆ. ರಕ್ತನಿಧಿಯವರನ್ನು ಕೇಳಿ, ಅವರಿಗೆ ಕೊರತೆ ಬೀಳುವ ತಿಂಗಳಲ್ಲಿ ಮಾಡು. ಕಣ್ಣಿನ ದಾನಕ್ಕೂ ಹಾಗೆ, ಅರ್ಜಿ ತುಂಬಿಸಿ ಫೋಟೋ ತೆಗೆದರೆ ಕೆಲಸ ಆಗಲಿಲ್ಲ. ಸಾವಾದ ಆರು ತಾಸಿನೊಳಗೆ ತೆಗೆಯಬೇಕು. ಮಳೆಗಾಲದಲ್ಲಿ ನಮ್ಮ ರಸ್ತೆ ನಿನಗೆ ಗೊತ್ತೇ ಇದೆ. ಅದಕ್ಕೇ ಒಂದೊಂದು ಕೇರಿಗೆ ಒಬ್ಬ ಸದಸ್ಯ ಬೇಕು. ಕಣ್ಣು ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಬಂದ್ ಮಾಡಬೇಕು, ತಲೆಗೆ ದಿಂಬು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಬಾಯಲ್ಲೇ ಇರಬೇಕು. ದುಃಖದ ಮನೆಯಲ್ಲಿ ಆ ಮಾತು ಎತ್ತುವುದು ಸುಲಭವಲ್ಲ. ಆ ಮನೆಯವರ ಪರಿಚಯ ಇದ್ದವನಿಗೆ ಮಾತ್ರ ಸಾಧ್ಯ.

ದುಡ್ಡಿನ ಬಗ್ಗೆ ಒಂದೇ ಮಾತು. ಜನ ಕೊಟ್ಟ ದಾನದ ಖಾತೆ ಬೇರೆ, ಕ್ಲಬ್ಬಿನ ಖರ್ಚಿನ ಖಾತೆ ಬೇರೆ ಇರಲಿ. ದಾನದ ದುಡ್ಡಿನಲ್ಲಿ ಒಂದು ಹಾರವನ್ನೂ ತರಬೇಡ. ಐವತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡು. ರೋಟರಿಯ ದಾನನಿಧಿಯಾದ ರೋಟರಿ ಫೌಂಡೇಶನ್ನಿಗೆ ಬಂದ ಮೊದಲ ದಾನ ಇಪ್ಪತ್ತಾರೂವರೆ ಡಾಲರ್ ಅಷ್ಟೇ, ಗೊತ್ತಲ್ಲ.

ನನ್ನ ಅಟ್ಟದ ಮೇಲೆ ಎರಡು ವೀಲ್‌ಚೇರ್, ಒಂದು ವಾಕರ್ ಇವೆ. ನಿನ್ನ ಅಜ್ಜಿಗೆ ತಂದಿದ್ದು. ಒಂದರ ಬ್ರೇಕ್ ಹಿಡಿಯುವುದಿಲ್ಲ, ಇನ್ನೊಂದು ಸರಿಯಿದೆ. ಭಾನುವಾರ ಮಳೆ ಬಿಟ್ಟ ಹೊತ್ತಿನಲ್ಲಿ ಯಾರನ್ನಾದರೂ ಟೆಂಪೋ ಜೊತೆ ಕಳಿಸು. ನೀನು ಬರಬೇಡ, ಹೊಸಬರು ಇಬ್ಬರನ್ನು ಕಳಿಸು. ಊಟ ಇಲ್ಲೇ ಆಗಲಿ, ನಿನ್ನ ಅತ್ತೆ ಈಗಲೇ ಹೇಳಿಟ್ಟಿದ್ದಾಳೆ.

ನಿನ್ನ ಮಾವ