ಚಳಿಗಾಲದ ಮನೆ, ತೋಟ ಮತ್ತು ನೀನು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಡಿಸೆಂಬರ್ ಮೊದಲ ವಾರದಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಮಂಡಿಯ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ ಎಂದು ತಿಳಿಸಿದಾಗ, ನಾನು ಕೇಳುವ ಮೊದಲೇ ನೀನು ‘ಮೂರು ತಿಂಗಳು ನಾನೇ ಬಂದು ಮನೆ ನೋಡಿಕೊಳ್ಳುತ್ತೇನೆ’ ಎಂದೆ. ಆ ಮಾತು ಕೇಳಿ ನನ್ನ ಅರ್ಧ ನೋವು ಅಲ್ಲಿಯೇ ಇಳಿಯಿತು. ಆದರೆ ಆ ರಾತ್ರಿ ಮಲಗಿದ ಮೇಲೆ ಒಂದು ವಿಷಯ ಹೊಳೆಯಿತು. ಎಂಟನೆಯ ತರಗತಿಯಿಂದಲೇ ನೀನು ಹಾಸ್ಟೆಲಿನಲ್ಲಿ ಬೆಳೆದವಳು. ದಸರೆಗೆ, ದೀಪಾವಳಿಗೆ, ಬೇಸಿಗೆಯ ರಜೆಗೆ ಬಂದವಳು. ಈ ಮನೆಯ ಡಿಸೆಂಬರ್, ಜನವರಿಗಳನ್ನು ನೀನು ನೋಡಿ ಇಪ್ಪತ್ತು ವರ್ಷಗಳೇ ಕಳೆದಿವೆ. ನಿನಗೆ ಗೊತ್ತಿರುವುದು ಮಾವಿನ ಹಣ್ಣಿನ ಮನೆ ಮತ್ತು ದೀಪದ ಮನೆ. ಚಳಿಗಾಲದ ಮನೆಯನ್ನು ನಾನು ನಿನಗೆ ಹೊಸದಾಗಿಯೇ ಪರಿಚಯಿಸಬೇಕು. ಫೋನಿನಲ್ಲಿ ಹೇಳಿದ್ದು ಉಳಿಯುವುದಿಲ್ಲ, ಆದುದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಎಚ್ಚರಿಕೆ. ನೀನು ಬಂದಾಗ ನಮ್ಮ ಅಡಿಕೆ ತೋಟ ಬಹಳ ಚೆನ್ನಾಗಿ ಕಾಣುತ್ತದೆ. ಹಳ್ಳದಲ್ಲಿ ನೀರು ಹರಿಯುತ್ತಿರುತ್ತದೆ, ನೆಲ ತಂಪಾಗಿರುತ್ತದೆ, ಬೆಳಗಿನ ಮಂಜಿನಲ್ಲಿ ಮರದ ತಲೆಗಳು ಮಾತ್ರ ಕಾಣುತ್ತವೆ, ಎಲ್ಲಿಯೂ ಒಂದು ಎಲೆ ಬಾಡಿರುವುದಿಲ್ಲ. ಇದನ್ನು ನೋಡಿದವರಿಗೆ ‘ಈಗೇನು ಅವಸರ’ ಎನ್ನಿಸುವುದು ಸಹಜ. ಆದರೆ ಮಾರ್ಚ್, ಏಪ್ರಿಲ್ ತಿಂಗಳುಗಳಿಗೆ ಬೇಕಾದದ್ದೆಲ್ಲವನ್ನೂ, ಅದು ಬೇಕೆಂದು ಅನ್ನಿಸದ ಈ ದಿನಗಳಲ್ಲಿಯೇ ಮಾಡಿ ಮುಗಿಸಬೇಕು. ನಿನ್ನ ಅಪ್ಪ ತೀರಿಹೋದ ವರ್ಷ ನನಗೆ ಯಾವುದರಲ್ಲಿಯೂ ಮನಸ್ಸಿರಲಿಲ್ಲ. ಬೇಸಿಗೆಗೆ ನೀರು ನಿಲ್ಲಿಸಲು ಹಳ್ಳಕ್ಕೆ ಅಡ್ಡ ಕಟ್ಟ ಹಾಕಿಸುವುದನ್ನು ಸಂಕ್ರಾಂತಿಯ ತನಕ ಮುಂದೂಡಿದೆ. ಆ ಹೊತ್ತಿಗೆ ಹಳ್ಳ ಬೆರಳು ಗಾತ್ರಕ್ಕೆ ಇಳಿದಿತ್ತು. ಏಪ್ರಿಲ್ ತಿಂಗಳಿನಲ್ಲಿ ಮೇಲಿನ ಸಾಲಿನ ಎಳೆಯ ಗಿಡಗಳ ಸೋಗೆಗಳು ಒಂದೊಂದಾಗಿ ಜೋತುಬಿದ್ದಾಗ, ಕೊಡದಲ್ಲಿ ನೀರು ಹೊತ್ತು ಹಾಕಿದರೂ ಅವುಗಳಲ್ಲಿ ಹಲವು ಉಳಿಯಲಿಲ್ಲ. ನಿನಗೆ ಇದನ್ನು ಆಗ ಹೇಳಿರಲಿಲ್ಲ.

ಆದ್ದರಿಂದ ನೀನು ಬಂದ ವಾರದಲ್ಲಿಯೇ ಕಟ್ಟದ ಕೆಲಸ ಆಗಬೇಕು. ಮಳೆ ಪೂರ್ತಿ ನಿಂತಿರಬೇಕು, ಆದರೆ ಹಳ್ಳದ ಹರಿವು ಇನ್ನೂ ಗಟ್ಟಿಯಾಗಿರಬೇಕು. ಈ ಎರಡರ ನಡುವಿನ ಅವಧಿ ಚಿಕ್ಕದು. ಬೇಗ ಕಟ್ಟಿದರೆ ಒಂದು ಅಕಾಲದ ಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಅಡಿಯಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಮಣ್ಣು ತುಂಬಿದ ಚೀಲಗಳು, ಸಂದುಗಳಿಗೆ ಹಸಿಸೊಪ್ಪು ಮತ್ತು ಅಂಟುಮಣ್ಣು, ನೀರಿನ ಕಡೆಯ ಮೈಗೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಕೆಳಅಂಚನ್ನು ಹಳ್ಳದ ತಳದ ಮಣ್ಣಿನೊಳಗೆ ಒಂದು ಗೇಣು ಹುಗಿಯಲೇಬೇಕು, ಇಲ್ಲವಾದರೆ ನೀರು ಅಡಿಯಿಂದ ದಾರಿ ಮಾಡಿಕೊಳ್ಳುತ್ತದೆ. ಒಂದು ಪಕ್ಕದಲ್ಲಿ ಹೆಚ್ಚಾದ ನೀರು ಹರಿದುಹೋಗಲು ಕಲ್ಲು ಹಾಸಿದ ತಗ್ಗು ಬಿಡಿಸು. ಕೆಳಗಿನ ತೋಟದವರಿಗೂ ಆ ಹಳ್ಳವೇ ಆಧಾರ. ಕಟ್ಟುವ ಹಿಂದಿನ ದಿನ ಅವರ ಮನೆಗೆ ಹೋಗಿ ಹೇಳಿ ಬಾ. ನಿನ್ನ ಅಪ್ಪ ಎಂದೂ ಇದನ್ನು ತಪ್ಪಿಸಿದವರಲ್ಲ.

ಮನೆಗೆ ಬರುವ ನೀರಿನ ಕಥೆ ಬೇರೆ. ಅದು ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಮೋಟಾರ್ ಬೇಡ. ಚಳಿಗಾಲದಲ್ಲಿ ಎಲೆ ಉದುರಲು ಆರಂಭವಾಗುವುದರಿಂದ ಅಬ್ಬಿಯ ಬಾಯಿಯಲ್ಲಿರುವ ಬಲೆಯನ್ನು ವಾರಕ್ಕೊಮ್ಮೆ ತೆಗೆದು ತೊಳೆಯಬೇಕು. ಬಲೆ ಸ್ವಚ್ಛವಾಗಿದ್ದೂ ನೀರು ಬರದಿದ್ದರೆ, ಪೈಪ್ ಏರಿ ಇಳಿಯುವ ದಿಬ್ಬದಲ್ಲಿ ಗಾಳಿ ತುಂಬಿರುತ್ತದೆ. ಅಲ್ಲಿ ಅಪ್ಪ ಇಟ್ಟ ಸಣ್ಣ ನಲ್ಲಿಯನ್ನು ತಿರುಗಿಸಿದರೆ ಬುಸ್ಸೆಂದು ಗಾಳಿ ಹೋಗಿ ನೀರು ಕಾಣಿಸುತ್ತದೆ, ಆಗ ಮುಚ್ಚು. ಕಾಡುಕೋಣಗಳು ಪೈಪನ್ನು ತುಳಿದು ಜೋಡಣೆ ಬಿಡಿಸುವುದೂ ಉಂಟು. ಅದಕ್ಕಾಗಿ ಒಬ್ಬಳೇ ಎಂದೂ ಮೇಲೆ ಹೋಗಬೇಡ, ಸಂಜೆಯ ಮೇಲಂತೂ ಬೇಡವೇ ಬೇಡ.

ತೋಟಕ್ಕೆ ನೀರು ಹಾಯಿಸುವ ವಿಚಾರದಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಲೆಕ್ಕವೊಂದಿದೆ: ಮರಕ್ಕೆ ಪ್ರತಿ ಸಲ ಸುಮಾರು 175 ಲೀಟರ್, ನವೆಂಬರ್–ಡಿಸೆಂಬರಿನಲ್ಲಿ 7–8 ದಿನಗಳಿಗೊಮ್ಮೆ, ಜನವರಿ–ಫೆಬ್ರುವರಿಯಲ್ಲಿ 6 ದಿನಗಳಿಗೊಮ್ಮೆ, ಬೇಸಿಗೆಯಲ್ಲಿ 3–5 ದಿನಗಳಿಗೊಮ್ಮೆ. ನಮ್ಮದು ಕಣಿವೆಯ ತೋಟವಾದ್ದರಿಂದ ಕೆಳಗಿನ ಸಾಲುಗಳಲ್ಲಿ ಜನವರಿಯ ತನಕ ಪಸೆ ಉಳಿದಿರುತ್ತದೆ. ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಗೇಣು ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡು. ಉಂಡೆಯಾದರೆ ಆ ಸಾಲಿಗೆ ನೀರು ಬೇಡ, ಪುಡಿಯಾದರೆ ಅಂದೇ ಬಿಡಿಸು. ಲೆಕ್ಕವನ್ನೂ ಮಣ್ಣನ್ನೂ ಒಟ್ಟಿಗೆ ನಂಬುವುದು ನನ್ನ ರೂಢಿ.

ಇನ್ನು ಅಡಿಕೆ. ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊಂಚಲು, ಕೊಯ್ಯುವ ಕೊನೆಗಾರರು ಸಿಗುವುದು ಈಗ ಬಹಳ ಕಷ್ಟ, ಬರುತ್ತೇನೆಂದ ದಿನ ಬಂದರೆ ನಮ್ಮ ಪುಣ್ಯ. ಆದುದರಿಂದ ಅವರು ಬರುವ ದಿನವೇ ನಮ್ಮ ದಿನ. ನೀನು ಆಫೀಸಿನ ಮೀಟಿಂಗನ್ನು ಅಂದು ಬೆಳಗಿನ ಹೊತ್ತು ಇಟ್ಟುಕೊಳ್ಳಬೇಡ. ಮರದ ಮೇಲಿನವರು ಕೊನೆಯನ್ನು ಹಗ್ಗದಲ್ಲಿ ಜಾರಿಸಿ ಬಿಡುವಾಗ ಕೆಳಗೆ ಹಗ್ಗ ಹಿಡಿದವರ ಕಣ್ಣು ಆಚೀಚೆ ಹೋಗಬಾರದು. ಕೆಂಪಡಿಕೆಗೆ ಬೆಳೆದ ಹಸಿರು ಕಾಯಿ ಬೇಕು. ಕೊಯ್ದ ಮರುದಿನದೊಳಗೆ ಸುಲಿದು ಬೇಯಿಸಿದರೆ ಬಣ್ಣ ಚೆನ್ನಾಗಿ ಬರುತ್ತದೆ. ದೊಡ್ಡ ರಾಶಿಯನ್ನು ಸುಲಿಯುವ ಯಂತ್ರಕ್ಕೆ ಕೊಡಬಹುದು. ಆದರೆ ಅಕ್ಕಪಕ್ಕದ ಹೆಂಗಸರು ಮೆಟ್ಟುಗತ್ತಿ ಹಿಡಿದು ನಮ್ಮ ಜಗುಲಿಯಲ್ಲಿ ಕೂರುವ ಸಂಜೆಗಳನ್ನು ಪೂರ್ತಿ ನಿಲ್ಲಿಸಬೇಡ ಎಂದು ಕೇಳಿಕೊಳ್ಳುತ್ತೇನೆ. ಅವರಲ್ಲಿ ಮೂವರಿಗೆ ಆ ಸಂಪಾದನೆಯೇ ಮಕ್ಕಳ ಶಾಲೆಯ ಖರ್ಚು. ನನಗೆ ಆ ಮಾತುಕತೆಯೇ ಚಳಿಗಾಲದ ಸುಖ.

ಬೇಯಿಸುವಾಗ ತಾಮ್ರದ ಹಂಡೆಯ ನೀರಿಗೆ ಕಳೆದ ವರ್ಷದ ಚೊಗರನ್ನು (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಬೆರೆಸು, ಭರಣಿ ಅಟ್ಟದ ಎಡಮೂಲೆಯಲ್ಲಿದೆ. ಹದ ತಿಳಿಯುವುದಕ್ಕೆ ಗಡಿಯಾರ ನೋಡಬೇಡ. ಸೌಟಿನಲ್ಲಿ ನಾಲ್ಕು ಅಡಿಕೆ ತೆಗೆದು ನೋಡಿದಾಗ ಅದರ ಕಣ್ಣು ಬಿಟ್ಟು ಬಂದಿದ್ದರೆ ಬೆಂದಿದೆ ಎಂದರ್ಥ. ಹೊಳಪಿಗೆಂದು ಬಣ್ಣದ ಪುಡಿ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡ, ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಹಣ್ಣಾದ ಗೋಟಡಿಕೆ ಚಾಲಿಗೆ, ಅಂದರೆ ಬೇಯಿಸದೆ ಸಿಪ್ಪೆಯೊಡನೆ ಒಣಗಿಸುವ ಅಡಿಕೆಗೆ. ಅದು ಸಗಣಿ ಸಾರಿಸಿದ ಅಂಗಳದಲ್ಲಿ 40–45 ದಿನಗಳ ಬಿಸಿಲು ಬೇಡುತ್ತದೆ. ವಾರಕ್ಕೊಮ್ಮೆ ಮಗುಚಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಟಾರ್ಪಾಲು ಮುಚ್ಚಬೇಕು, ಬೆಳಿಗ್ಗೆ ನೆಲದ ತೇವ ಆರಿದ ಮೇಲೆ ತೆಗೆಯಬೇಕು. ಮೋಡ ಕಂಡರೆ ಯಾವ ಕೆಲಸದಲ್ಲಿದ್ದರೂ ಎದ್ದು ಓಡಬೇಕು. 2021ರ ನವೆಂಬರಿನಲ್ಲಿ ರಾಜ್ಯದ ಉದ್ದಗಲಕ್ಕೂ ಅಕಾಲದ ಮಳೆ ಸುರಿದಾಗ ನಮ್ಮ ಅಂಗಳದ ಮೊದಲ ಕೊಯ್ಲಿನ ಅಡಿಕೆಗೆ ಬೂಸಲು ಹಿಡಿದದ್ದನ್ನು ನಾನು ಇನ್ನೂ ಮರೆತಿಲ್ಲ.

ಈಗ ಬರೆಯುವುದನ್ನು ಎರಡು ಸಲ ಓದು. ನಮ್ಮ ಸಿದ್ದಾಪುರ ತಾಲ್ಲೂಕಿನ ಗಡಿಯಾಚೆಗಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮ್ಮ ಹಳ್ಳಿಗಳನ್ನೂ ಬಿಟ್ಟಿಲ್ಲ. ಅದನ್ನು ಹರಡುವ ಉಣ್ಣೆಗಳ ಮರಿಗಳು ನವೆಂಬರಿನಿಂದ ಮೇ ತಿಂಗಳ ತನಕ ಒಣಗಿದ ಎಲೆಗಳ ನಡುವೆ ಇರುತ್ತವೆ. ಸಾಸಿವೆಯಷ್ಟೂ ದೊಡ್ಡದಲ್ಲದ ಅವು ಕಣ್ಣಿಗೆ ಬೀಳುವುದೇ ಕಷ್ಟ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ನಮಗೆ ಉಳಿದಿರುವುದು ಎಚ್ಚರಿಕೆಯೊಂದೇ. ಬೆಟ್ಟಕ್ಕೆ ಹೋಗುವ ಯಾರೇ ಆಗಲಿ, ನೀನಾದರೂ ಸರಿ, ಕೆಲಸದವರಾದರೂ ಸರಿ, ಉಣ್ಣೆ ಹತ್ತಿರ ಬಾರದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮೈ ಪೂರ್ತಿ ಮುಚ್ಚುವ ಬಟ್ಟೆ ತೊಡಬೇಕು, ಮರಳಿ ಬಂದೊಡನೆ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಬೇಕು. ಅದಕ್ಕಾಗಿಯೇ ಬಚ್ಚಲ ಒಲೆಯ ಹಂಡೆ ಮಧ್ಯಾಹ್ನವೂ ಬಿಸಿಯಾಗಿರಲಿ. ಎಲ್ಲಿಯಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಪಂಚಾಯಿತಿಗೂ ಆಸ್ಪತ್ರೆಗೂ ತಿಳಿಸು. ಹಠಾತ್ತಾಗಿ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು ಯಾರಿಗೆ ಬಂದರೂ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬೇಡ, ರಕ್ತಪರೀಕ್ಷೆ ಮಾಡಿಸು. ನಮ್ಮ ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೆ ಅಂಥ ಜ್ವರ ಬಂದರೆ ಕರೆದುಕೊಂಡು ಹೋಗುವುದು ನಿನ್ನ ಕೆಲಸ, ಖರ್ಚು ಮನೆಯದು.

ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದ ಕೆಲಸವೂ ಇದಕ್ಕೆ ಅಂಟಿಕೊಂಡೇ ಇದೆ. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ನಮ್ಮ ಕಡೆಯ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಭೂಮಿ ಸರ್ಕಾರದ್ದು, ಸೊಪ್ಪು ಮತ್ತು ದರಕು (ಉದುರಿದ ಒಣ ಎಲೆ) ನಮ್ಮವು. ಜನವರಿಯಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹಾಸುತ್ತೇವೆ, ಅದೇ ಮುಂದೆ ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಅದರ ಜೊತೆಯಲ್ಲಿಯೇ ಬೆಟ್ಟದ ಸುತ್ತ ಬೆಂಕಿರೇಖೆಯನ್ನು ಸವರಿಸು. ಎರಡು ಮಾರು ಅಗಲಕ್ಕೆ ಮಣ್ಣು ಕಾಣುವಂತೆ ಗುಡಿಸಬೇಕು, ಫೆಬ್ರುವರಿಯ ಗಾಳಿ ಏಳುವ ಮೊದಲು ಮುಗಿಯಬೇಕು. ರೇಖೆಯನ್ನು ಸುಟ್ಟು ಮಾಡುವ ಸುಲಭದ ದಾರಿಗೆ ಯಾರು ಹೇಳಿದರೂ ಒಪ್ಪಬೇಡ.

ಮನೆಯ ಮಾತು ಬೇಗ ಮುಗಿಸುತ್ತೇನೆ. ಬಿಸಿಲಿರುವ ಮಧ್ಯಾಹ್ನ ಅಟ್ಟ ಹತ್ತಿ ದೀಪ ಆರಿಸಿ ಮೇಲೆ ನೋಡಿದರೆ ಒಡೆದ ಹಂಚುಗಳ ಜಾಗದಲ್ಲಿ ಬೆಳಕಿನ ಚುಕ್ಕಿಗಳು ಕಾಣುತ್ತವೆ; ಪಕ್ಕದ ರೀಪಿಗೆ ಸುಣ್ಣದ ಗುರುತು ಹಾಕಿಡು, ಹಂಚು ಹೊದೆಸುವವರು ಬಂದಾಗ ಹುಡುಕುವ ಶ್ರಮ ಉಳಿಯುತ್ತದೆ. ಹಳೆಯ ಹಂಚುಗಳ ಅಚ್ಚಿಗೆ ಹೊಸತು ಕೂರುವುದಿಲ್ಲ. ಕೊಟ್ಟಿಗೆಯ ಹಿಂದೆ ಜೋಡಿಸಿಟ್ಟ ಹಳೆಯವನ್ನೇ ಬಳಸು. ಕಂಬದ ಬುಡಗಳಲ್ಲಿ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ತಡಮಾಡದೆ ಕೆರೆದು ತೆಗೆ. ಗೋಬರ್ ಗ್ಯಾಸ್ ಚಳಿಗೆ ಮಂದವಾಗುತ್ತದೆ, ಹಾಳಾಯಿತೆಂದು ಗಾಬರಿಪಡಬೇಡ; ಸಗಣಿಯನ್ನು ಬೆಳಗಿನ ತಣ್ಣೀರಿನಲ್ಲಿ ಕಲಸುವ ಬದಲು ಮಧ್ಯಾಹ್ನ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಬಿಡು, ಗುಂಡಿಯ ಮೇಲೆ ಹುಲ್ಲು ಹೊದಿಸು. ಕಾಳುಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಕೊಯ್ಯಿಸು. ಬಿಡಿಸಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಒಣಗಿಸಿದರೆ ಒಂದೇ ಸಮನೆ ಕಪ್ಪಾಗುತ್ತದೆ.

ಇಷ್ಟೆಲ್ಲ ಬರೆದು ನಿನ್ನನ್ನು ಹೆದರಿಸಿದೆನೋ ಏನೋ. ಹಸುಗಳ ಕೊಟ್ಟಿಗೆಯ ಬೆಚ್ಚಗಿನ ವಾಸನೆ, ಹಂಡೆಯ ಒಲೆಯ ಮುಂದೆ ಕುಳಿತು ಕುಡಿಯುವ ಬೆಳಗಿನ ಕಷಾಯ, ಆಲೆಮನೆಯಿಂದ ಬರುವ ಬಿಸಿ ಜೋನಿಬೆಲ್ಲ, ಇವು ನಿನಗಾಗಿ ಕಾದಿವೆ. ಆಲೆಮನೆಗೆ ಕರೆದಾಗ ತಪ್ಪದೆ ಹೋಗು, ಬರುವಾಗ ಕಬ್ಬಿನ ಹಾಲು ತಂದು ತೊಡೆದೇವು ಎಂಬ ಸಿಹಿತಿಂಡಿ ಮಾಡುವುದನ್ನು ಪಕ್ಕದ ಮನೆಯ ದೊಡ್ಡಮ್ಮನಿಂದ ಕಲಿತುಕೋ. ನನಗೆ ಅದು ಎಂದೂ ಹಾಳೆಯಷ್ಟು ತೆಳ್ಳಗೆ ಬಂದಿಲ್ಲ. ಇಲ್ಲಿ ಬರೆದದ್ದರಲ್ಲಿ ಯಾವುದಾದರೂ ನಿನಗೆ ಸರಿಕಾಣದಿದ್ದರೆ ಬದಲಾಯಿಸು. ಈ ಮೂರು ತಿಂಗಳು ತೀರ್ಮಾನ ನಿನ್ನದು, ಕೆಲಸದವರಿಗೂ ಹಾಗೆಂದೇ ಹೇಳಿದ್ದೇನೆ.

ಒಂದು ಕೋರಿಕೆ ಮಾತ್ರ ಉಳಿದಿದೆ. ನಾನು ಹುಬ್ಬಳ್ಳಿಗೆ ಹೊರಡುವುದಕ್ಕೆ ಎರಡು ದಿನ ಮೊದಲೇ ಬಾ. ಕಟ್ಟ ಹಾಕುವ ಜಾಗವನ್ನು, ಹಾಳೆ ಹುಗಿಯುವ ಆಳವನ್ನು ಕಾಗದದಲ್ಲಿ ಬರೆದರೆ ಸಾಲದು, ಹಳ್ಳದಲ್ಲಿ ನಿಂತೇ ತೋರಿಸಬೇಕು. ತೋಟದ ಮೆಟ್ಟಿಲುಗಳನ್ನು ಇಳಿಯುವುದಕ್ಕೆ ಈಗ ನನಗೆ ಹಿಡಿದುಕೊಳ್ಳಲು ಒಂದು ಭುಜ ಬೇಕು.

ನಿನ್ನ ಪ್ರೀತಿಯ
ಅಮ್ಮ